ಸಾವಿನ ಮನೆಯಲ್ಲಿ ಮಾತಾಡದ ಪೆನಿನಾ

ಎದುರುಬದುರು ಬಾಗಿಲು, ಆದರೆ ಮಾತಿಲ್ಲ, ಕತೆಯಿಲ್ಲ! ಹೈಫಾದ ನಮ್ಮ ಕಟ್ಟಡದಲ್ಲಿ ಪ್ಯಾಲೆಸ್ಟೀನಿ ರಸ್ಮಿಯ್ಯಾ ಅಕ್ಕ, ಯಹೂದಿ ಪೆನಿನಾ ಹಾಗಿದ್ದರು. ಮೊದಲು ಒಬ್ಬಳಿಲ್ಲದೆ ಇನ್ನೊಬ್ಬಳಿಗೆ ಚಹಾ ಇಳಿಯುತ್ತಿರಲಿಲ್ಲ. ಅಕ್ಕನ ಗಂಡ ಸಾಬಿರ್ ತೀರಿಕೊಂಡ ಮೇಲೆ ಎಲ್ಲ ಬಂದ್. ಅಕ್ಕ ಮನೆ ಮಾರಿ ನಜರೇತಿನ ಮಗಳ ಹತ್ತಿರ ಹೋಗ್ತೀನಿ ಅಂತ ಹಟ ಹಿಡಿದಳು. ನಾನು ಹೋಗಿ ಅವಳ ಬಾಗಿಲು ತಟ್ಟಿದೆ.

"ಅಕ್ಕ, ಮಂಗಳವಾರ ಸಮುದಾಯ ಭವನದಲ್ಲಿ ಮಾತುಕತೆ ಕೂಟ ಇದೆ. ಯಹೂದಿಗಳೂ ಬರ್ತಾರೆ, ನಾವೂ ಹೋಗ್ತೀವಿ. ಬಾ."

"ಸುಮ್ನಿರೇ ವಫಾ! ಕೂತು ಮಾತಾಡಿದ್ರೆ ಯುದ್ಧ ನಿಲ್ಲುತ್ತಾ?"

"ಯುದ್ಧ ಆಮೇಲೆ. ಹೇಗೂ ಊರು ಬಿಡ್ತೀಯ, ಪೆನಿನಾಗೆ ನಿನ್ನ ಸಿಟ್ಟೇನು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಯಾದ್ರೂ ಹೋಗು."

ಆ ಮಾತು ನಾಟಿತು. ಬಂದಳು! ಪೆನಿನಾಳನ್ನೂ ಎಳೆದುಕೊಂಡು ಹೋದೆ.

ಕೂಟದ ನಿಯಮ ಒಂದೇ. ಉತ್ತರ ಕೊಡೋ ಮುಂಚೆ ಎದುರಿನವರು ಹೇಳಿದ್ದನ್ನು ನಿಮ್ಮ ಬಾಯಲ್ಲಿ ಹೇಳಬೇಕು. ಅವರು "ಹೌದು, ಅದೇ" ಅನ್ನೋವರೆಗೂ ನಿಮ್ಮ ಸರದಿ ಬರಲ್ಲ.

ಅಕ್ಕ ಸಿಡಿದಳು: "ನನ್ನ ಗಂಡ ಸತ್ತಾಗ ಬಂದೆ. ಕಲ್ಲಿನ ಹಾಗೆ ಕೂತೆ. 'ದೇವರು ಕರುಣೆ ತೋರಲಿ' ಅಂತ ಒಂದು ಮಾತು ಆಡ್ಲಿಲ್ಲ, ಎದ್ದು ಹೋದೆ. ಹಗೆಯವರೂ ಹಾಗೆ ಮಾಡಲ್ಲ!"

ಪೆನಿನಾ ತಡವರಿಸಿದಳು. "ನಾನು ಬಂದೆ, ಒಂದು ಮಾತೂ ಆಡ್ಲಿಲ್ಲ. ನಿನಗೆ ತುಂಬಾ ನೋವಾಯ್ತು."

"ಹೌದು, ಅದೇ."

"ಅಯ್ಯೋ ರಸ್ಮಿಯ್ಯಾ! ನಮ್ಮಲ್ಲಿ ಸಾವಾದ ಮನೆಯವರು ಬಾಯಿ ತೆರೆಯೋವರೆಗೂ ಬಂದವರು ಮಾತಾಡೋ ಹಾಗಿಲ್ಲ. ನೀನು ಮಾತಾಡ್ತೀಯ ಅಂತ ಕಾದೆ, ಕಾದೆ. ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡು ಎದ್ದೆ."

ಈಗ ಅಕ್ಕನ ಸರದಿ. "ನಾನು ಮಾತಾಡಲಿ ಅಂತ ನೀನು... ನೀನು ಮಾತಾಡಲಿ ಅಂತ ನಾನು..." ಅಷ್ಟೇ! ಇಬ್ಬರಿಗೂ ನಗು, ಅಳು ಒಟ್ಟಿಗೆ ಬಂತು. ಇಡೀ ಕೂಟ ಬಿದ್ದು ಬಿದ್ದು ನಕ್ಕಿತು.

"ಬಾಯಿ ತೆರೆದಿದ್ದೀನಿ, ಈಗ ಹೇಳೇ!" ಅಂದಳು ಅಕ್ಕ.

"ದೇವರು ಸಾಬಿರ್‌ಗೆ ಕರುಣೆ ತೋರಲಿ. ಹಾಡ್ತಾ ಮೆಟ್ಟಿಲು ಹತ್ತೋರು. ನನಗೂ ಕಟ್ಟಡ ಖಾಲಿ ಖಾಲಿ ಅನ್ಸುತ್ತೆ ಕಣೇ."

ಮುಂದಿನ ವಾರ ಭೂಮಿ, ಯುದ್ಧ, ಹಿಂದಿನ ಯುದ್ಧದಲ್ಲಿ ನಮ್ಮವರು ಬಿಟ್ಟುಹೋದ, ಬೀಗ ಬಿದ್ದ ಹಳೆ ಮನೆಗಳ ಮಾತು ಬಂತು. ಇಬ್ಬರೂ ಗಂಟಲು ಹರಿಯೋ ಹಾಗೆ ಕಿತ್ತಾಡಿದರು. ಯಾರೂ ಎದ್ದು ಹೋಗಲಿಲ್ಲ. ಮಗಳು ಫೋನ್ ಮಾಡಿ "ಯಾವಾಗ ಬರ್ತೀಯಮ್ಮ?" ಅಂದರೆ ಅಕ್ಕ, "ನಾನೆಲ್ಲಿಗೂ ಬರಲ್ಲ! ಪೆನಿನಾ ಜೊತೆ ಜಗಳ ಇನ್ನೂ ಬಾಕಿ ಇದೆ" ಅಂತಾಳೆ.

ತಾಯಂದಿರೇ, ಅಣ್ಣಂದಿರೇ, ಎದುರು ಮನೆಯವರು ಸುಮ್ಮನಿದ್ದಾರಾ? ಅದಕ್ಕೆ ನೀವೇ ಅರ್ಥ ಕಟ್ಟಬೇಡಿ. ಕೂಟಕ್ಕೆ ಕರೆತನ್ನಿ. ಕೇಳಿ, ಕೇಳಿದ್ದನ್ನು ಹೇಳಿ. ಆಮೇಲೆ ಬೇಕಾದಷ್ಟು ಜಗಳವಾಡಿ!