ಬ್ರೇಕಿನ ಅಧ್ಯಾಯ

ನಮ್ಮ ಬಿಳಿ ಕಾರಿನ ಹಿಂದಿನ ಗಾಲಿ ಕಿರುಗುಟ್ಟಲು ಶುರುವಾಗಿ ಹದಿನೈದು ದಿನವಾಗಿತ್ತು. ಮುನವಳ್ಳಿಯಲ್ಲಿ ಅದನ್ನು ರಿಪೇರಿ ಮಾಡುತ್ತಿದ್ದ ಗೌರೀಶ ಗ್ಯಾರೇಜಿಗೆ ಬೀಗ ಹಾಕಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿದ್ದ. ಬ್ರೇಕಿನ ಲೈನರುಗಳು ಸವೆದಿವೆ, ನಾನೇ ಬದಲಿಸುತ್ತೇನೆ ಎಂದಳು ಮಗಳು ಶೈಲಶ್ರೀ. ಮನೆಯಲ್ಲಿ ಕಾರು ಓಡಿಸುವವಳು ಅವಳೊಬ್ಬಳೇ. ಅವಳ ಅಪ್ಪ, ನನ್ನ ಗಂಡ ದಿಗಂಬರ ಭಟ್ಟರು ಪೂಜೆಗೆ, ಲಗ್ನಕ್ಕೆ ಸುತ್ತಲಿನ ಊರುಗಳಿಗೆ ಹೋಗುವುದು ಅವಳ ಪಕ್ಕದ ಸೀಟಿನಲ್ಲಿ ಕುಳಿತೇ.

ಹೋದ ತಿಂಗಳು ಅವಳು ಫೋನಿನಲ್ಲಿ ವಿಡಿಯೊ ನೋಡಿ ಎಂಜಿನ್ ಆಯಿಲ್ ಬದಲಿಸಿದ್ದಳು. ಕೆಳಗಿನ ಬೋಲ್ಟಿಗೆ ವಾಶರ್ ಹಾಕುವುದು ಮರೆತುಹೋಗಿತ್ತು. ಮುರಗೋಡದ ಹಾದಿಯಲ್ಲಿ ಆಯಿಲ್ ಸೋರಿ ಕಾರು ನಿಂತಿತು. ಇವರು ಪೂಜೆಯ ಚೀಲ ಹಿಡಿದು, ಹಾಲು ಮಾರುವವರ ಬೈಕು ಹತ್ತಿ, ಲಗ್ನದ ಮನೆ ಮುಟ್ಟುವಷ್ಟರಲ್ಲಿ ಮುಹೂರ್ತ ಮೀರಿತ್ತು. ಮೂವತ್ತು ವರ್ಷದಲ್ಲಿ ಅದೇ ಮೊದಲು. ಇವರು ಆಗ ಬೈಯಲಿಲ್ಲ. ಈಗ ಅವಳು ಬ್ರೇಕಿಗೂ ಕೈಹಾಕುತ್ತಾಳೆಂದು ಕೇಳಿದ್ದೇ, ಹಳೆ ಕಾರು ಕೊಳ್ಳುವ ರಾಮದುರ್ಗದ ಲಕ್ಷ್ಮಣನಿಗೆ ಫೋನ್ ಮಾಡಿ, ಬರುವ ರವಿವಾರ ನೋಡಲು ಬಾ ಎಂದು ಹೇಳಿಬಿಟ್ಟರು.

ಶೈಲಾ ಎರಡು ಹೊತ್ತು ಊಟ ಬಿಟ್ಟಳು. ಮೂರನೆಯ ಹೊತ್ತಿಗೆ ನಾನೇ ಇವರ ತಾಟಿಗೆ ಪಲ್ಯ ಬಡಿಸುತ್ತ, ರವಿವಾರದೊಳಗೆ ಅವಳು ಬ್ರೇಕ್ ಸರಿಮಾಡಿದರೆ ಕಾರು ಉಳಿಸುತ್ತೀರಾ ಎಂದು ಕೇಳಿದೆ. ಇವರು ತುತ್ತು ನುಂಗಿ, ನೀರು ಕುಡಿದು ಹೇಳಿದರು:

"ಮಾಡ್ಲಿ. ಆದರ ಫೋನ್ ನೋಡಿ ಅಲ್ಲ, ಪುಸ್ತಕ ನೋಡಿ ಮಾಡ್ಲಿ. ನಮ್ಮ ಮನ್ಯಾಗ ಏನ ಮಾಡಿದ್ರೂ ಪುಸ್ತಕ ಇಟಗೊಂಡ ಮಾಡತೇವಿ."

ಗುರುವಾರ ನಾನೂ ಶೈಲಾಳೂ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋದೆವು. ಅಲ್ಲಿ ವಿರೂಪಾಕ್ಷ ಮಾಸ್ತರರಿದ್ದಾರೆ. ಐ.ಟಿ.ಐ.ಯಲ್ಲಿ ಮೋಟಾರು ಕೆಲಸ ಕಲಿಸಿ ನಿವೃತ್ತರಾದವರು, ನನ್ನ ಅಣ್ಣನಿಗೂ ಕಲಿಸಿದವರು. ಅವರು ಮೊದಲು ಕಾರು ಯಾವ ವರ್ಷದ್ದು, ಮಾಡಬೇಕಾದ ಕೆಲಸ ಯಾವುದು ಎಂದು ಕೇಳಿಕೊಂಡರು. ಆಮೇಲೆ ಮೂರು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಒಂದು ಇಂಗ್ಲಿಷಿನದು, ಎರಡು ಇಟ್ಟಿಗೆ ಪೇರಿಸಿದಷ್ಟು ದಪ್ಪ. ಇನ್ನೊಂದು ಕನ್ನಡದ್ದು. ಅದರಲ್ಲಿ ಎಲ್ಲ ನಮೂನೆಯ ಗಾಡಿಗಳಿದ್ದವು, ಬಣ್ಣದ ಚಿತ್ರಗಳಿದ್ದವು. ಮೂರನೆಯದು ಅವರು ಕೊಲ್ಹಾಪುರದಲ್ಲಿದ್ದಾಗ ಕೊಂಡ ತೆಳ್ಳನೆಯ ಮರಾಠಿ ಪುಸ್ತಕ. ರಟ್ಟು ಹರಿದಿತ್ತು. ಬ್ರೇಕಿನ ಪುಟಗಳ ಮೇಲೆ ಬೆರಳಿನ ಆಯಿಲ್ ಗುರುತುಗಳು ತುಂಬಿದ್ದವು. ಅದರಲ್ಲಿದ್ದದ್ದು ನಮ್ಮ ಕಾರಿನ ಜಾತಿಯೊಂದೇ.

ಒಂದನ್ನು ಮಾತ್ರ ಒಯ್ಯಿ ಎಂದರು ಮಾಸ್ತರರು. ಎರಡು ಒಯ್ದವರು ಎರಡನ್ನೂ ಓದುವುದಿಲ್ಲವಂತೆ. ಆರಿಸುವುದು ಹೇಗೆ ಎಂದು ಶೈಲಾ ಕೇಳಿದಳು.

"ಚಿತ್ರ ನೋಡಿ ಆರಿಸಬ್ಯಾಡವಾ ತಂಗಿ. ನಿನಗ ಬೇಕಾದ ಕೆಲಸದ ಪುಟ ತಗಿ. 'ತೆಗೆಯಿರಿ' ಅಂತ ಎಲ್ಲಾದ್ರಾಗೂ ಇರತೈತಿ. ತಗದ್ರ ಬರಲಿಲ್ಲ ಅಂದ್ರ ಏನ ಮಾಡಬೇಕು, ಅದನ್ನ ಯಾವ ಪುಸ್ತಕ ಹೇಳತೈತಿ ನೋಡು."

ಅವಳು ಕನ್ನಡದ್ದನ್ನೂ ಮರಾಠಿಯದನ್ನೂ ತೆರೆದು ನೋಡಿದಳು. ಅವಳಿಗೆ ಮರಾಠಿ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬರುವುದಿಲ್ಲ. ನಾನೂ ಹಾಗೆಯೇ. ಮನೆಯಲ್ಲಿ ಮರಾಠಿ ಓದುವವರು ಇವರೊಬ್ಬರೇ, ಮೀರಜದಲ್ಲಿ ಪಾಠ ಕಲಿತವರು. ಶೈಲಾ ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಏನೋ ಇದೆ ಎಂಬುದು ನನಗೆ ತಿಳಿಯಿತು. ಆದರೆ ಆರಿಸಬೇಕಾದವಳು ಅವಳು.  ಅವಳು ಕನ್ನಡದ್ದನ್ನು ಎತ್ತಿಕೊಂಡಳು. ಪೇಟೆಯಲ್ಲಿ ಹೊಸ ಲೈನರ್ ಕೊಂಡು ಮಧ್ಯಾಹ್ನದ ಬಸ್ಸಿಗೆ ಮರಳಿದೆವು.

ಶುಕ್ರವಾರ ಅಂಗಳದಲ್ಲಿ ಕೆಲಸ ಶುರುವಾಯಿತು. ನಮ್ಮ ಮನೆಯಲ್ಲಿ ಪುಸ್ತಕವನ್ನು ನೆಲದ ಮೇಲಿಡುವಂತಿಲ್ಲ, ಕೊಳೆ ಕೈಯಲ್ಲಿ ಮುಟ್ಟುವಂತಿಲ್ಲ. ಹೀಗಾಗಿ ನಾನು ಹೊಸ್ತಿಲಲ್ಲಿ ಕುಳಿತು ಓದುವುದು, ಅವಳು ಮಾಡುವುದು ಎಂದಾಯಿತು. ನಡುನಡುವೆ ನಾನು ಎದ್ದು ಹಾಲು ನೋಡಿ ಬರುತ್ತಿದ್ದೆ. ಅಷ್ಟು ಹೊತ್ತು ಅವಳು ಬೋಲ್ಟ್ ತಿರುಗಿಸುವ ಪಾನಾ ಹಿಡಿದು ಕಾಯುತ್ತಿದ್ದಳು. ಗಾಲಿ ಬಿಚ್ಚಿದ್ದಾಯಿತು. "ಡ್ರಮ್ಮನ್ನು ಹೊರತೆಗೆಯಿರಿ, ಚಿತ್ರ ಹನ್ನೊಂದು ನೋಡಿ" ಎಂದು ಓದಿದೆ. ಡ್ರಮ್ ಎಂದರೆ ಲೈನರುಗಳ ಮೇಲೆ ಮುಚ್ಚಿರುವ ಕಬ್ಬಿಣದ ಬೋಗುಣಿ. ಅವಳು ಎಳೆದಳು, ಅಲುಗಿಸಿದಳು, ಸುತ್ತಿಗೆಯಿಂದ ತಟ್ಟಿದಳು. ಅದು ಬರಲಿಲ್ಲ. ಮುಂದಿನ ಸಾಲು ಓದಿದೆ. ಡ್ರಮ್ ಬಂದ ಮೇಲೆ ಏನು ಮಾಡಬೇಕೆಂದು ಅದರಲ್ಲಿತ್ತು.

ಅತ್ತೆ ಸುಂದರಾಬಾಯಿ ಕಟ್ಟೆಯ ಮೇಲೆ ಹೂಬತ್ತಿ ಮಾಡುತ್ತ ಕುಳಿತಿದ್ದರು.

"ಬಡದ್ರ ಬರಲಿಕ್ಕೆ ಅದೇನ ತೆಂಗಿನಕಾಯಿ ಏನ? ಅಪ್ಪನ್ನ ಹಾಲಿನ ಕ್ಯಾನಿನ ನಡುವ ಕೂಡ್ಸಿ ಮುಹೂರ್ತಕ್ಕ ಕಳ್ಸಿದಾಕಿ, ಇನ್ನ ನನ್ನ ಎದರ ಮ್ಯಾಲೆ ಕಳಸ್ತೀಯೋ."

ಶೈಲಾ ಮತ್ತೆ ಸುತ್ತಿಗೆ ಎತ್ತಿಕೊಂಡಳು. ಸಂಜೆಯವರೆಗೆ ಎಣ್ಣೆ ಹಾಕಿ, ಬಡಿದು, ಅಂಗೈಗೆ ಗುಳ್ಳೆ ಎಬ್ಬಿಸಿಕೊಂಡಳು. ನಾನು ಅರಿಶಿನ ಹಚ್ಚುವಾಗ ತಾನೇ ಹೇಳಿದಳು, ಮಾಸ್ತರರು ಹೇಳಿದ್ದು ಆ ಮರಾಠಿ ಪುಸ್ತಕದಲ್ಲಿತ್ತು ಎಂದು. ಆ ಪುಟದಲ್ಲಿ ಚೌಕಟ್ಟು ಹಾಕಿ ಎರಡು ಬೋಲ್ಟಿನ ಚಿತ್ರ ಬರೆದಿದ್ದನ್ನು ಅವಳು ನೋಡಿದ್ದಳಂತೆ.

"ಮತ್ಯಾಕ ಬಿಟ್ಟಿ?"

"ಅಪ್ಪಾ ಓದಬೇಕಾಗತಿತ್ತಲ್ಲ. ಮಾರತೇನಿ ಅಂದವರ ಮುಂದ ಹೋಗಿ ಓದರಿ ಅಂತ ಹೆಂಗ ಕೇಳ್ಲಿ?"

ಶನಿವಾರ ಮೊದಲ ಬಸ್ಸಿಗೆ ಅವಳೊಬ್ಬಳೇ ಹೋಗಿ ಪುಸ್ತಕ ಬದಲಿಸಿಕೊಂಡು ಬಂದಳು. ಮಾಸ್ತರರು ಏನೂ ಕೇಳಲಿಲ್ಲವಂತೆ, ಸೋಮವಾರ ಮರಳಿ ಕೊಡು ಎಂದರಂತೆ. ಇವರು ಪೂಜೆ ಮುಗಿಸಿ ಅಡಿಗೆಮನೆಗೆ ಬಂದಾಗ ಅವಳು ಕೈಕಾಲು ತೊಳೆದು, ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

"ಅಪ್ಪಾ, ಇದು ನನಗ ಓದಲಿಕ್ಕೆ ಬರೂದಿಲ್ಲ. ನೀವು ಓದ್ತೀರೇನು?"

ಇವರು ಪುಸ್ತಕ ತೆಗೆದುಕೊಂಡು ಬ್ರೇಕಿನ ಅಧ್ಯಾಯವನ್ನು ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಅನ್ನ ಬಸಿದಿಟ್ಟರೂ ಅವರ ಓದು ಮುಗಿದಿರಲಿಲ್ಲ. ಆಮೇಲೆ ದೇವರ ಕೋಣೆಯಿಂದ ಪಾರಾಯಣದ ಮರದ ಪೀಠ ತಂದು ಅಂಗಳದಲ್ಲಿ ಚಾಪೆಯ ಮೇಲಿಟ್ಟರು. ಪುಸ್ತಕವನ್ನು ಅದರ ಮೇಲೆ ತೆರೆದರು.

"ನಾ ಹೇಳಿದ್ದ ಮಾಡಬೇಕು. ಹೇಳೂಕಿಂತ ಮುಂಚೆ ಮಾಡಬಾರದು. ಆದ ಮ್ಯಾಲೆ 'ಆತು' ಅನಬೇಕು."

ಪೂಜೆಗೆ ಕುಳಿತ ಯಜಮಾನರಿಗೆ ಇವರು ಹೇಳುವುದೂ ಅದನ್ನೇ. ಇವರು ಮರಾಠಿಯಲ್ಲಿ ಒಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡು. ಆತು. ಬರೀ ಜಾಕ್ ನಂಬಬೇಡ, ಕೆಳಗೆ ಮರದ ದಿಮ್ಮಿ ಇಡು. ಆತು.

"ಹ್ಯಾಂಡ್ ಬ್ರೇಕ್ ಬಿಡು."

ಶೈಲಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟಳು. ಅವಳು ಎದ್ದು ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿದಳು. ಹ್ಯಾಂಡ್ ಬ್ರೇಕ್ ಶುಕ್ರವಾರದಿಂದ ಎಳೆದೇ ಇತ್ತು. ಒಳಗಿನ ಲೈನರುಗಳು ಡ್ರಮ್ಮನ್ನು ಗಟ್ಟಿಯಾಗಿ ಹಿಡಿದಿರುವಾಗ ಅವಳು ಇಡೀ ದಿನ ಹೊರಗಿನಿಂದ ಎಳೆದಿದ್ದಳು. ನಾನೂ ಹೊಸ್ತಿಲಲ್ಲಿ ಕುಳಿತು ಹೊರತೆಗೆಯಿರಿ ಎಂದಷ್ಟೇ ಓದಿ ಹೇಳಿದ್ದೆ.

"ಆತು," ಎಂದಳು ಸಣ್ಣ ದನಿಯಲ್ಲಿ.

ಇವರು ತಲೆ ಎತ್ತಲಿಲ್ಲ. ಮುಂದಿನ ಸಾಲು ಚೌಕಟ್ಟಿನಲ್ಲಿದ್ದದ್ದು: ಆಗಲೂ ಬರದಿದ್ದರೆ ಡ್ರಮ್ಮಿನ ಮೇಲಿನ ಎರಡು ತೂತುಗಳಿಗೆ ಎರಡು ಬೋಲ್ಟ್ ಹಾಕಿ ಸರಿಸಮವಾಗಿ ಬಿಗಿಯುತ್ತ ಹೋಗು, ಡ್ರಮ್ ತಾನೇ ಹೊರಗೆ ಬರುತ್ತದೆ. ಬೋಲ್ಟ್ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಡ್ರಮ್ ಅವಳ ಮಡಿಲಿಗೆ ಬಂತು. ಸಂಜೆಯ ಹೊತ್ತಿಗೆ ಒಂದು ಗಾಲಿ ಮುಗಿಯಿತು. ಎರಡೂ ಗಾಲಿಗಳನ್ನು ಒಟ್ಟಿಗೆ ಬಿಚ್ಚಬಾರದು, ಸ್ಪ್ರಿಂಗ್ ಎಲ್ಲಿ ಕೂಡುತ್ತದೆ ಎಂದು ನೋಡಿಕೊಳ್ಳಲು ಇನ್ನೊಂದು ಹಾಗೆಯೇ ಇರಬೇಕು ಎಂದು ಪುಸ್ತಕದಲ್ಲಿತ್ತು. ಇನ್ನೊಂದನ್ನು ರವಿವಾರಕ್ಕೆ ಇಟ್ಟುಕೊಂಡರು.

ರವಿವಾರ ಹತ್ತು ಗಂಟೆಗೆ ಲಕ್ಷ್ಮಣ ಬಂದ. ಅಂಗಳದಲ್ಲಿ ಕಾರು ಮೂರು ಗಾಲಿಯ ಮೇಲಿತ್ತು. ಇವರು ಪೀಠದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಕಾರು ತೋರಿಸ್ರಿ ಭಟ್ರ ಎಂದ ಅವನಿಗೆ, ಕೂಡು ಎಂದು ಕೈಯಲ್ಲೇ ಸನ್ನೆ ಮಾಡಿದರು.

"ನಡುವ ಏಳೂ ಹಂಗಿಲ್ಲಪಾ. ಅಧ್ಯಾಯ ಮುಗೀಲಿ."

ನಾನು ಅವನಿಗೆ ಅವಲಕ್ಕಿ, ಚಹಾ ಕೊಟ್ಟೆ. ಅವನು ಅರ್ಧ ತಾಸು ಕುಳಿತು ನೋಡಿದ. ಗಾಲಿ ಕೂಡಿಸಿ, ಪೆಡಲನ್ನು ಪುಸ್ತಕ ಹೇಳಿದಷ್ಟು ಸಲ ಒತ್ತಿ, ಶೈಲಾ ಕಾರನ್ನು ಸವದತ್ತಿಯ ರಸ್ತೆಗೆ ಇಳಿಸಿದಳು. ಇವರು ಪಕ್ಕದಲ್ಲಿ ಕುಳಿತರು. ಅತ್ತೆಯವರೂ ತಾವಾಗಿಯೇ ಹಿಂದಿನ ಸೀಟಿಗೆ ಹತ್ತಿದ್ದು ನೋಡಿ ನನಗೆ ಸೋಜಿಗವಾಯಿತು. ಮರಳಿ ಬಂದು ಅಂಗಳದಲ್ಲಿ ನಿಂತಾಗ ಗಾಲಿಯ ಸದ್ದಿರಲಿಲ್ಲ. ಮತ್ತೆ ನನ್ನನ್ನು ಕರೆದದ್ದೇಕೆ ಎಂದು ಲಕ್ಷ್ಮಣ ನಗುತ್ತಲೇ ಕೇಳಿದ. ತಪ್ಪಾಯಿತು ಎಂದರು ಇವರು. ಅವನ ಕೈಗೆ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು.

ಸೋಮವಾರ ಪುಸ್ತಕ ಮರಳಿಸಬೇಕಿತ್ತು. ರವಿವಾರ ಮಧ್ಯಾಹ್ನ ನಾನು ಪಾತ್ರೆ ತೊಳೆದು ಹೊರಗೆ ಬಂದಾಗ ಇವರು ಪೂಜಾವಿಧಿ ಬರೆದಿಟ್ಟುಕೊಳ್ಳುವ ತಮ್ಮ ವಹಿಯಲ್ಲಿ ಏನೋ ಬರೆಯುತ್ತಿದ್ದರು. ಪುಟದ ನೆತ್ತಿಯ ಮೇಲೆ ಎಂದಿನಂತೆ ಶ್ರೀಕಾರ. ಅದರ ಕೆಳಗೆ ಕನ್ನಡದಲ್ಲಿ, ಮೊದಲ ಸಾಲು: ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಬಿಡುವುದು. ಪುಸ್ತಕದಲ್ಲಿದ್ದ ಹಿಂದಿನ ಗಾಲಿಯ ಕೆಲಸ ಬರೆದು ಮುಗಿದು ಮುಂದಿನ ಗಾಲಿಯದು ನಡೆದಿತ್ತು. ಶೈಲಾ ಎದುರಿಗೆ ಕುಳಿತು ಚಿತ್ರ ಬರೆದುಕೊಡುತ್ತಿದ್ದಳು. ಅವಳ ಕೈ ತೊಳೆದಿತ್ತು, ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಇವರು ಅದನ್ನು ನೋಡಿಯೂ ವಹಿಯನ್ನು ಅವಳ ಕಡೆ ಸರಿಸಿದರು.