ಇಟ್ಟಿಗೆ ಶೆಡ್ಡಿನ ಗಾಳಿ ಲೆಕ್ಕ

ಪುಟ್ಟಿ ಮನೆಯವರಿಗೆ ಮಾತ್ರ ಪುಟ್ಟಿ. ವಯಸ್ಸು ಇಪ್ಪತ್ತೇಳು, ಕೆಲಸದಲ್ಲಿ ಎಂಜಿನಿಯರ್. ಹಸಿ ಇಟ್ಟಿಗೆ ಒಣಗಿಸುವ ಶೆಡ್ಡೊಂದರ ಲೆಕ್ಕ ಅವಳ ತಲೆಗೆ ಬಿದ್ದು ಎರಡು ತಿಂಗಳಾಗಿತ್ತು. ಗಾಳಿ ಆಡಬೇಕೆಂದು ನಾಲ್ಕೂ ಕಡೆ ಗೋಡೆಯಿಲ್ಲ. ನೀರು ನಿಲ್ಲಬಾರದೆಂದು ಸೂರು ಕಡಿದಾದ ಇಳಿಜಾರು. "ಇದು ತಿದ್ದುಪಡಿ ಇಲ್ಲದೆ ಮುಗಿದ್ರೆ ಮುಂದಿನ ನಕ್ಷೆಗಳಿಗೆ ನೀನೇ ಸಹಿ ಹಾಕು" ಎಂದಿದ್ದರು ಆಫೀಸಿನ ಹಿರಿಯರು. ಆ ಸಹಿಯನ್ನು ಅವಳು ಹಳೆಯ ಕಾಗದಗಳ ಹಿಂದೆ ಎಷ್ಟು ಸಲ ಗೀಚಿ ನೋಡಿದ್ದಳೋ, ಕೇಳಬಾರದು.

ಪಾಯದ ಗುತ್ತಿಗೆ ಅವಳ ಅಣ್ಣನದೇ. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಅವಳು ಬಂದಾಗ ಹನ್ನೆರಡು ಗುಂಡಿಗಳೂ ಬಾಯಿ ತೆರೆದುಕೊಂಡಿದ್ದವು. ಮಿಕ್ಸರ್ ಗರಗರ ತಿರುಗುತ್ತಿತ್ತು.

"ತಗಡಿನ ಸೂರು ಹೊರೋಕೆ ಇಷ್ಟು ದೊಡ್ಡ ಗುಂಡಿನಾ ಪುಟ್ಟಿ? ಏನು, ಅರಮನೆ ಕಟ್ತಿದೀವಾ?" ಅಣ್ಣ ಕಾಲೆಳೆದ.

"ಹೊರೋಕಲ್ಲ ಅಣ್ಣ, ಹಿಡ್ಕೊಳ್ಳೋಕೆ. ಗಾಳಿ ಒಳಗೆ ನುಗ್ಗಿ ಸೂರನ್ನ ಮೇಲಕ್ಕೆ ಎತ್ತುತ್ತೆ. ಈ ಕಾಂಕ್ರೀಟಿನ ಭಾರವೇ ಅದನ್ನ ಕೆಳಗೆ ಜಗ್ಗಿ ಹಿಡೀಬೇಕು."

ಅತ್ತ ಇಟ್ಟಿಗೆ ಗೂಡಿನ ಯಜಮಾನಿ ಸುಣ್ಣದ ಪುಡಿಯಲ್ಲಿ ನೆಲಕ್ಕೆ ಗೆರೆ ಎಳೆಯುತ್ತಿದ್ದರು. ಪುಟ್ಟಿ ಸುಮ್ಮನೆ ಕೇಳಿದಳು, "ಅದೇನಮ್ಮ?"

"ಒಣಗಿದ ಇಟ್ಟಿಗೆ ಇಲ್ಲೇ ಸೂರಿನ ಕೆಳಗೆ ಪೇರಿಸ್ತೀವಿ. ಈ ತುದಿಯಿಂದ ಆ ತುದೀವರೆಗೆ, ಸೂರಿನ ಅಂಚು ಮುಟ್ಟೋ ಎತ್ತರಕ್ಕೆ."

ಪುಟ್ಟಿ ಚೀಲದಿಂದ ನಕ್ಷೆ ತೆಗೆದು ಬಿಚ್ಚಿದಳು. ಅವಳ ಲೆಕ್ಕದಲ್ಲಿ ಸೂರಿನ ಕೆಳಗೆ ಬರೀ ಖಾಲಿ ಜಾಗ. ಗಾಳಿ ಈ ಕಡೆ ಬಂದು ಆ ಕಡೆ ಹೋಗುತ್ತಿತ್ತು. ಇಟ್ಟಿಗೆ ಅಡ್ಡ ನಿಂತರೆ ಗಾಳಿಗೆ ದಾರಿಯಿಲ್ಲ, ಸೂರನ್ನೇ ಮೇಲಕ್ಕೆ ಒದೆಯುತ್ತದೆ. ಇಷ್ಟನ್ನು ಕೇಳದೆ ಎರಡು ತಿಂಗಳು ಕುರ್ಚಿ ಬಿಸಿ ಮಾಡಿದ್ದಳು ಮಹಾತಾಯಿ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ದೊಡ್ಡದೊಂದು ಗಾಳಿ ಬರುವವರೆಗೆ. ಆಗ ಕೆಳಗೆ ಯಾರಿರುತ್ತಾರೋ. ಅವಳು ಸಿಮೆಂಟ್ ಚೀಲದ ಮೇಲೆ ಕೂತು ಮತ್ತೆ ಲೆಕ್ಕ ಹಾಕಿದಳು. ಒಂದೊಂದು ಕಂಬವನ್ನೂ ಗಾಳಿ ಮೇಲಕ್ಕೆ ಎಳೆಯುವುದು ಮೊದಲಿನ ಒಂದೂವರೆ ಪಟ್ಟು. ಈ ಗುಂಡಿಗಳಲ್ಲಿ ಹಿಡಿಸುವ ಕಾಂಕ್ರೀಟಿನ ಭಾರ ಅದಕ್ಕೆ ಸಾಲದು.

"ಅಣ್ಣ, ಮಿಕ್ಸರ್ ನಿಲ್ಲಿಸು. ನನ್ನ ಲೆಕ್ಕ ತಪ್ಪಿದೆ."

ಆಳುಗಳೆಲ್ಲ ತಿರುಗಿ ನೋಡಿದರು. ಅಣ್ಣ ಹತ್ತಿರ ಬಂದು ದನಿ ತಗ್ಗಿಸಿದ. "ನಿಮ್ಮ ಹಿರಿಯರು ಒಪ್ಪಿದ್ದಾರಲ್ಲೇ."

"ಅವರಿಗೂ ಗೊತ್ತಿಲ್ಲ. ಈಗ ಹೇಳ್ತೀನಿ."

"ಹೇಳಿದ್ರೆ ನಿನ್ನ ಸಹಿ ಹೋಯ್ತು."

"ಹೋಗ್ಲಿ." ಹಾಗೆಂದಳೇ ಹೊರತು ಹಿರಿಯರ ನಂಬರ್ ಒತ್ತುವ ಮೊದಲು ಎರಡು ಸಲ ಫೋನನ್ನು ಚೀಲಕ್ಕೆ ಹಾಕಿ ತೆಗೆದಳು. ಎರಡು ತಿಂಗಳ ಆಸೆ, ಸುಮ್ಮನೆ ಬಿಡುತ್ತದೆಯೇ.

ಫೋನಿನಲ್ಲಿ ಅವಳು ಒಂದನ್ನೂ ಮುಚ್ಚಿಡಲಿಲ್ಲ.

"ಆ ಲೆಕ್ಕ ನಾನೂ ನೋಡಿದ್ದೆ," ಎಂದರು ಹಿರಿಯರು. "ಕೆಳಗೆ ಏನಿಡ್ತಾರೆ ಅಂತ ನನಗೂ ಹೊಳೀಲಿಲ್ಲ. ನೀನು ಹೋಗಿ ಕೇಳ್ದೆ. ತಿದ್ದಿದ ನಕ್ಷೆ ಮಾಡು, ಸಹಿ ನೀನೇ ಹಾಕು."

ಪುಟ್ಟಿ ಫೋನ್ ಹಿಡಿದುಕೊಂಡೇ ನಿಂತಳು. ಕಣ್ಣು ತುಂಬಿ ಬಂತು, ನಗುವೂ ಬಂತು.

ಅಷ್ಟರಲ್ಲಿ ಅಣ್ಣ ಕಲಸಿದ್ದನ್ನೆಲ್ಲ ದಾರಿಯ ತಗ್ಗಿಗೆ ಸುರಿಸಿ, ಹಾರೆ ಹಿಡಿದು ಮೊದಲ ಗುಂಡಿಗೆ ತಾನೇ ಇಳಿದಿದ್ದ. ಅವಳು ಫೋನಿನಲ್ಲಿ ಏನು ಕೇಳಿಸಿಕೊಂಡಳೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

"ಇನ್ನೂ ಎಷ್ಟು ಆಳ ಬೇಕು ಹೇಳೇ," ಎಂದ ಕೆಳಗಿನಿಂದ. "ನೀನು ಹೇಳಿದಷ್ಟು ಅಗೀತೀನಿ."