ಮನೆಯವರೇ ಮಾಡಬಲ್ಲರು

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಲು ಆರು ನರ್ಸ್ ಇರಬೇಕಾದ ಕಡೆ ಇಬ್ಬರಿದ್ದರು. ನಾಲ್ಕು ಹುದ್ದೆ ಖಾಲಿ. ಖಾಲಿ ಹುದ್ದೆ ರಜೆ ಕೇಳುವುದಿಲ್ಲ, ಜಗಳ ಆಡುವುದಿಲ್ಲ. ಮೇಲಿನವರಿಗೆ ಅದರ ಮೇಲೆ ಬಲು ಪ್ರೀತಿ. ಉಳಿದಿಬ್ಬರಲ್ಲಿ ಒಬ್ಬಳಾದ ಸಿಸ್ಟರ್ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ದಿನಕ್ಕೆ ಹದಿನೆಂಟು ಮನೆ ಸುತ್ತುತ್ತಿದ್ದಳು.

ಮೂರನೇ ಮಹಡಿಯ ಟೀಚರಮ್ಮನಿಗೆ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ದಿನ ಬಿಟ್ಟು ದಿನ ತೊಳೆದು ಬ್ಯಾಂಡೇಜ್ ಕಟ್ಟಬೇಕು. ಒಂದು ವಾರ ಬರಲಾಗುವುದಿಲ್ಲವೆಂದು ಗೊತ್ತಾದಾಗ ಸಿಸ್ಟರ್ ಅವಳ ಗಂಡನಿಗೇ ಕಟ್ಟಲು ಕಲಿಸಿದಳು. ಮುದುಕ ಹಳೇ ದರ್ಜಿ, ಕೈ ಬಹಳ ನೀಟು.

"ಒಂದು ವಾರದ ಮಟ್ಟಿಗೆ ಅಷ್ಟೇ, ಅಜ್ಜ" ಎಂದಿದ್ದಳು. ಕಚೇರಿಯ ಪುಸ್ತಕದಲ್ಲಿ 'ಯಜಮಾನರು ಚೆನ್ನಾಗಿ ಕಟ್ಟುತ್ತಾರೆ' ಎಂದು ಬರೆದಳು.

ಬೆರಳು ಕೊಟ್ಟರೆ ಹಸ್ತ ನುಂಗುವ ಕಚೇರಿ ಅದು. ಮೇಲ್ವಿಚಾರಕಿ ಅದನ್ನೋದಿ, 'ಮನೆಯವರೇ ಮಾಡಬಲ್ಲರು' ಎಂದು ಗೀಚಿ, ನರ್ಸ್ ಹೋಗಬೇಕಾದ ಮನೆಗಳ ಪಟ್ಟಿಯಿಂದ ಟೀಚರಮ್ಮನ ಹೆಸರನ್ನೇ ಹೊಡೆದುಹಾಕಿದಳು.

"ಮತ್ಯಾರನ್ನ ಕಳಿಸ್ಲಿ? ನರ್ಸ್‌ಗಳನ್ನ ಗಿಡದಿಂದ ಕಿತ್ಕೊಂಡು ಬರ್ಲಾ?"

ಸಿಸ್ಟರ್ ಎರಡು ಸಲ ಜಗಳವಾಡಿದಳು. ಮೂರನೇ ಸಲಕ್ಕೆ ಪುರುಸೊತ್ತು ಸಿಗಲಿಲ್ಲ.

ಐದು ವಾರ ಕಳೆಯುವಷ್ಟರಲ್ಲಿ ಆಸ್ಪತ್ರೆಯಲ್ಲಿ ಟೀಚರಮ್ಮನ ಕಾಲನ್ನು ಮಂಡಿಯ ಕೆಳಗೆ ತೆಗೆದರು. ಬ್ಯಾಂಡೇಜಿನಲ್ಲಿ ಒಂದು ಸುಕ್ಕೂ ಇರಲಿಲ್ಲವಂತೆ. ಒಳಗೆ ಮಾಂಸ ಕಪ್ಪಾದರೆ ಏನು ಮಾಡಬೇಕೆಂದು ಅಜ್ಜನಿಗೆ ಗೊತ್ತಿರಲಿಲ್ಲ. ಒಂದು ವಾರಕ್ಕೆ ತಾನೇ ಎಂದು ಸಿಸ್ಟರ್ ಅದನ್ನು ಕಲಿಸಿರಲಿಲ್ಲ.

ಮೇಲ್ವಿಚಾರಕಿ ಸಿದ್ಧ ಮಾಡಿದ ವರದಿ ಸಿಸ್ಟರ್ ಕೈಗೆ ಬಂತು. ಕಾರಣ: ಮನೆಯವರ ಅಜಾಗರೂಕತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವಳ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದು ಕೆಳಗಿದ್ದ ಅಜ್ಜನ ಸಹಿ.

ನೆಟ್ಟಗೆ ಆಸ್ಪತ್ರೆಗೆ ಹೋದಳು. ಅಜ್ಜ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ಇದಕ್ಕೆ ಯಾಕೆ ಸಹಿ ಹಾಕಿದ್ರಿ?"

"ಕಟ್ಟಿದ್ದು ನಾನೇ ಅಲ್ವೇನಮ್ಮ? ಎಲ್ಲೋ ಬಿಗಿ ಜಾಸ್ತಿ ಆಯ್ತು ಅನ್ಸತ್ತೆ. ನನ್ನ ಕೈಯಿಂದಲೇ ಆಗಿದ್ದು ಅಂತ ಅವಳಿಗೆ ಮಾತ್ರ ಹೇಳ್ಬೇಡ."

ಸಿಸ್ಟರ್ ವರದಿಯನ್ನು ಪರಪರನೆ ಹರಿದುಹಾಕಿದಳು.

"ನೀವು ಕಟ್ಟಿದ್ದು ಸರಿಯಾಗೇ ಇತ್ತು! ನಾವು ಬರ್ಲಿಲ್ಲ, ಅಜ್ಜ. ಐದು ವಾರ ಒಬ್ಬರೂ ಬರ್ಲಿಲ್ಲ! ತಪ್ಪು ನಮ್ಮದು!"

ಅವಳ ಕೂಗಿಗೆ ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಜ್ಜ ಮಾತ್ರ ನಂಬಲಿಲ್ಲ.

"ನೀನು ಒಳ್ಳೇವಳು, ಅದಕ್ಕೇ ಹಾಗೆ ಹೇಳ್ತೀಯ" ಎಂದು ಅವಳ ಬೆನ್ನು ಸವರಿದ.